ಮರಳಡಿಯ ನೀರು

ಶಾಂತಮಲ್ಲಮ್ಮ ಒರತೆಯಿಂದ ಎರಡನೇ ಕೊಡ ತುಂಬುತ್ತಿದ್ದಳು. ಬೇಸಿಗೆಯ ಗುಂಡ್ಲುಹೊಳೆ ಕಣ್ಣಿಗೆ ಬರೀ ಮರಳು. ಆದರೆ ಗುಂಡಿ ತೋಡಿದರೆ ತಣ್ಣಗೆ ನೀರು ಜಿನುಗುತ್ತಿತ್ತು. ಅದನ್ನು ಸೋರೆಬುರುಡೆಯಲ್ಲಿ ಮೊಗೆದು ಕೊಡಕ್ಕೆ ಸುರಿಯುತ್ತಿದ್ದಳು. ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದು ನಾಲ್ಕು ದಿನವಾಗಿತ್ತು. ಇನ್ನೊಮ್ಮೆ ಭೇದಿ ಹಿಡಿದರೆ ಈ ಕೂಸು ತಡೆಯದು ಎಂದಿದ್ದರು ಡಾಕ್ಟರು. ಈಗ ತುಂಬುತ್ತಿದ್ದುದು ಆ ಕೂಸು ಕುಡಿಯುವ ನೀರು.

ಊರಿಗೆ ಹೊಸದಾಗಿ ಬಂದಿದ್ದ ಗ್ರಾಮಸೇವಕಿ ಪುಟ್ಟಸಿದ್ದಮ್ಮ ದಡ ಇಳಿದು ಬಂದಳು.

"ಇಲ್ಯಾಕವ್ವಾ ತೋಡಿದ್ದೀರಿ? ಮ್ಯಾಗ್ಲೇ ದನ ತೊಳೆಯೋ ಮಡು ಅದೆಯಲ್ಲ."

ಪಕ್ಕದಲ್ಲೇ ಮರಳ ಮೇಲೆ ಕೂತಿದ್ದ ಶಾಂತಮಲ್ಲಮ್ಮನ ಅತ್ತೆ ಚಿಕ್ಕಮಲ್ಲಮ್ಮ ನಕ್ಕರು. "ಮಡುವಿನ್ ಕೆಳ್ಗೇ ನೀರು ಬಿರ್ನೆ ಸಿಗೋದು ಕಣವ್ವ. ನಮ್ಮತ್ತೆನೂ ಇಲ್ಲೇ ತೋಡ್ತಿದ್ರು. ಮರಳು ಸೋಸ್ಬುಡ್ತದೆ. ನೋಡು, ಕನ್ನಡಿ ಅಂಗದೆ."

"ಕಣ್ಗೇನೋ ಕನ್ನಡಿ. ಹೊಟ್ಟೆಗೆ?"

"ನಾಕಕ್ಸರ ಓದ್ಬುಟ್ಟು ಬಂದು ನಂಗೇ ಒಳೆ ತೋರ್ಸ್ತೀಯಾ?"

"ನಾನು ತೆರಕಣಾಂಬಿಯೋಳು ಕಣಜ್ಜಿ. ಈ ಒಳೆ ನಿಮ್ಮಷ್ಟು ನಂಗೊತ್ತಿಲ್ಲ. ನೀವೇ ಯೋಳಿ, ಮಳೆನೇ ಇಲ್ಲ, ಈ ನೀರು ಎಲ್ಲಿಂದ ಬಂತು?"

ನಲವತ್ತು ವರ್ಷದಿಂದ ಮರಳಿಗೆ ಹಿಮ್ಮಡಿ ಊರಿ ನೀರಿನ ಜಾಗ ಹೇಳುತ್ತಿದ್ದವರು ಚಿಕ್ಕಮಲ್ಲಮ್ಮ. ಹೀಗೆ ಕೇಳಿದವರು ಯಾರೂ ಇರಲಿಲ್ಲ. ಅವರ ಮುಖ ಅರಳಿತು.

"ಗೋಪಾಲಸ್ವಾಮಿ ಬೆಟ್ಟದಿಂದ ಕಣವ್ವ. ಮ್ಯಾಲೆ ಬತ್ತುದ್ರೂ ಮರಳಡೀಲಿ ನಡೀತಾನೇ ಇರ್ತದೆ. ಬೇಗೂರು ಸೀಮೆ ದಾಟಿ, ನಂಜನಗೂಡ್ ತಾವ ಕಪಿಲೆ ಸೇರೋಗಂಟ ನಿಲ್ಲಾಕಿಲ್ಲ."

"ಅಂಗಾರೆ ಈ ಮಡುವಿನ ನೀರೂ ನಡ್ಕಂಡು ನಮ್ಮ ಒರತೆಗೇ ಬತ್ತದಲ್ವಾ ಅಜ್ಜಿ?"

ಚಿಕ್ಕಮಲ್ಲಮ್ಮ ಮಡುವಿನ ಕಡೆ ತಿರುಗಿ ನೋಡಿದರು. ಅಷ್ಟರಲ್ಲಿ ಮಡುವಿನಲ್ಲಿದ್ದ ಯಾರದೋ ಎಮ್ಮೆ ಬಾಲವೆತ್ತಿ ಸಗಣಿ ಹಾಕಿತು.

"ಥೂ, ಇದ್ಕೂ ಈಗ್ಲೇ ಬರ್ಬೇಕಿತ್ತಾ," ಎಂದು ಗೊಣಗಿ ಎದ್ದರು. ಮಡು ದಾಟಿ ನೂರು ಹೆಜ್ಜೆ ಮೇಲಕ್ಕೆ ಹೋಗಿ, ನಾಲ್ಕು ಕಡೆ ಹಿಮ್ಮಡಿ ಊರಿ ನೋಡಿ ಸೊಸೆಯನ್ನು ಕರೆದರು. "ಬಾ ಮಗಾ, ಇಲ್ಲಿ ತೋಡು. ಆಳ ಆಯ್ತದೆ, ಸೊಂಟ ನೋಯ್ತದೆ. ಆದ್ರೂ ತೋಡು."

ಪುಟ್ಟಸಿದ್ದಮ್ಮ ಹೇಳಿದಳು: "ನಮ್ಮ ಮ್ಯಾಗೂ ಊರವೆ ಅಜ್ಜಿ. ಅಲ್ಲೂ ದನ ಅವೆ. ಈ ನೀರ್ನೂ ಕುದಿಸ್ಲೇಬೇಕು."

"ಸೌದೆ ನೀನ್ ತಂದ್ಕೊಡು," ಎಂದ ಅತ್ತೆ ಸೊಸೆಯ ಕಡೆ ತಿರುಗಿದರು. "ಮನ್ಗೋದೇಟ್ಗೆ ದೊಡ್ಡ ತಪ್ಪಲೆ ಒಲೆ ಮ್ಯಾಲಿಡು."

ಶಾಂತಮಲ್ಲಮ್ಮ ಹೆಮ್ಮೆಯಿಂದ ಅತ್ತೆಯನ್ನೇ ನೋಡಿದಳು. ತಪ್ಪಾಯಿತೆಂದು ಬಾಯಿಬಿಟ್ಟು ಹೇಳದೆ, ಹೆಜ್ಜೆಯಲ್ಲೇ ತಿದ್ದಿಕೊಂಡ ಮುದುಕಿ. ಮರಳು ತೋಡುತ್ತ ತೋಡುತ್ತ ಅವಳಿಗೆ ಹೊಳೆದದ್ದು ಬೇರೆಯೇ. ಮೇಲೆ ಊರಿರುವ ಹಾಗೆ ಕೆಳಗೂ ಊರಿದೆ. ಅಲ್ಲೂ ಒಬ್ಬ ಸೊಸೆ ತನ್ನ ಕೂಸಿಗೆಂದು ಹೀಗೇ ನೀರು ಮೊಗೆಯುತ್ತಿರಬೇಕು. ಮಗಳ ಭೇದಿಯ ಬಟ್ಟೆಗಳನ್ನು ತಾನು ದಿನವೂ ಜಾಲಿಸಿದ್ದು ಈ ಮಡುವಿನಲ್ಲೇ. ಅದರ ಬಗ್ಗೆ ಯಾರೂ ಅವಳನ್ನು ಕೇಳಿರಲಿಲ್ಲ. ಇನ್ನು ಮುಂದೆ ಹೊಲದ ಬದುವಿಗೆ ನೀರು ಹೊತ್ತು, ಅಲ್ಲೇ ಒಗೆದು, ಆ ನೀರನ್ನು ಗುಂಡಿಗೆ ಸುರಿದು ಮಣ್ಣು ಮುಚ್ಚುವುದೆಂದು ನಿಶ್ಚಯಿಸಿದಳು. ಯಾರಿಗೂ ಹೇಳಲಿಲ್ಲ.

ತಾಯಂದಿರೇ, ಕುಡಿಯುವ ನೀರಿನ ಒರತೆಯನ್ನು ದನದ ಮಡುವಿಗಿಂತ ಮೇಲೆ, ದೂರದಲ್ಲಿ ತೋಡಿ. ನೀರನ್ನು ಕುದಿಸಿ, ಆರಿಸಿ, ಮುಚ್ಚಿಟ್ಟು ಕುಡಿಯಿರಿ. ಹೊಳೆಗೆ ಏನನ್ನಾದರೂ ಹಾಕುವ ಮೊದಲು ಕೆಳಗಿನ ಊರಿನ ಕೂಸೊಂದನ್ನು ನೆನೆಯಿರಿ.