ಕಾಲಿಗೆ ಕಟ್ಟಿದ ಹಲಗೆ

ಪುಟ್ಟಮಲ್ಲಮ್ಮ ರಾಗಿ ಬೀಸಲು ಕೂತು ಇನ್ನೂ ಅರ್ಧ ಸೇರೂ ಆಗಿರಲಿಲ್ಲ, ಬಾಗಿಲಲ್ಲಿ ಅಂಚೆಯ ಮಂಟೇಸ್ವಾಮಿಯ ಸೈಕಲ್ ಗಂಟೆ ಕೇಳಿಸಿತು.

"ಅಕ್ಕೋ, ಮಿಲ್ಟ್ರಿ ಕಾಗ್ದ! ಈ ಸಲ ಒಳ್ಗೆ ದಪ್ಪಕ್ಕೆ ಏನೋ ಅದೆ ಕನಕ್ಕ."

ಬೀಸುಕಲ್ಲಿನ ಗೂಟ ಬಿಟ್ಟು, ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಓಡಿದಳು. ಗಂಡ ಮಾದಸ್ವಾಮಿ ಮಿಲಿಟರಿ ಸೇರಿ ಐದು ವರ್ಷ, ಈಗ ಕಾಶ್ಮೀರದಲ್ಲಿದ್ದ. ಪ್ರತಿ ತಿಂಗಳು ಕಾಗದ ಬರುತ್ತಿತ್ತು, ಫೋಟೊ ಬಂದದ್ದು ಇದೇ ಮೊದಲು. ಮೂರನೇ ಕ್ಲಾಸಿನ ಮಗಳು ಚನ್ನಿ ಜಗಲಿಯ ಮೇಲೆ ನಿಂತು ಓದಿದಳು.

"ಇವತ್ತು ಭಾನುವಾರ. ಬೆಟ್ಟದ ಮೇಲೆ ಒಳ್ಳೆಯ ಬಿಸಿಲು. ನೆಲವೆಲ್ಲ ಮಂಜುಗಡ್ಡೆ, ಬೆಳ್ಳಗೆ ಕಣ್ಣು ಕುಕ್ಕುತ್ತದೆ. ಇಲ್ಲಿಗೆ ದೊಡ್ಡ ಮನುಷ್ಯರು ಆಟಕ್ಕೆಂದು ಬರುತ್ತಾರೆ. ನಮಗೂ ಕಾಲಿಗೆ ಹಲಗೆ ಕಟ್ಟಿ, ಕೈಗೆ ಎರಡು ಕೋಲು ಕೊಟ್ಟರು. ಮೇಲಿನಿಂದ ಕೆಳಕ್ಕೆ ಜಾರಿದೆವು. ನಾಲ್ಕು ಸಲ ಬಿದ್ದೆ. ಆನಂದವಾಗಿದ್ದೇನೆ."

ಅತ್ತೆ ಗುರುಬಸಮ್ಮ ಫೋಟೊವನ್ನು ಬೆಳಕಿಗೆ ಹಿಡಿದರು. ಅಕ್ಕಿಹಿಟ್ಟು ಸುರಿದಂಥ ಗುಡ್ಡ. ಅದರ ಮೇಲೆ ಹಲ್ಲು ಬಿಟ್ಟುಕೊಂಡು ಮಗ. ಎರಡು ಕೈಗೂ ಕೋಲು. ಎರಡು ಕಾಲಿಗೂ ಮಾರುದ್ದದ ಹಲಗೆ.

"ಬಿಸ್ಲು ಅಂತನೆ, ಮಂಜು ಅಂತನೆ. ಬಿಸ್ಲಲ್ಲಿ ಮಂಜು ಕರಗ್ದೆ ಇದ್ದದಾ? ಕಾಲ್ಗೆ ಹಲ್ಗೆ ಕಟ್ಕಂಡು ಆನಂದವಾಗವ್ನಂತೆ! ಇದು ಸುಳ್ಳು ಕನ ಪುಟ್ಟಮಲ್ಲಿ. ಇದು ದಬ್ಬೆ."

ಆ ಮಾತು ಪುಟ್ಟಮಲ್ಲಮ್ಮನ ಎದೆಗೆ ನಾಟಿತು. ಮುರಿದ ಮೂಳೆ ಕೂಡಲು ಬಿದಿರನ್ನು ಸೀಳಿ ಎರಡು ಮಗ್ಗುಲಿಗೂ ಕಟ್ಟುವುದೇ ದಬ್ಬೆ. ಅವರ ಊರು ಮಾಂಬಳ್ಳಿಯಲ್ಲಿ ಅದು ಗೊತ್ತಿಲ್ಲದವರಿಲ್ಲ. ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಮೂಳೆ ಕಟ್ಟುವ ದೊಡ್ಡಮಾದಪ್ಪನ ಮನೆಗೆ ಹೋದರು. ಚನ್ನಿ ಹಿಂದೆಯೇ ಹೋದಳು.

ಮುದುಕ ಫೋಟೊವನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ.

"ಎರಡೂ ಕಾಲು," ಅಂದ. "ಆದ್ರೆ ಕಟ್ಟಿರೋನು ಯಾವನೋ ಕೆಲ್ಸ ಬರ್ದೋನು. ಪಾದದಡಿಕ್ಕೆ ಯಾವನಾರ ದಬ್ಬೆ ಕಟ್ಟಾನಾ?"

"ಹಂಗಾರೆ ದಬ್ಬೆ ಅಲ್ವಾ ಮಾವ?" ಪುಟ್ಟಮಲ್ಲಮ್ಮನ ದನಿಯಲ್ಲಿ ಒಂದಿಷ್ಟು ಆಸೆ ಇತ್ತು.

ದೊಡ್ಡಮಾದಪ್ಪ ದನಿ ತಗ್ಗಿಸಿದ. "ಮಿಲ್ಟ್ರಿಲಿ ಮರದ ಕಾಲು ಕೊಡ್ತರಂತೆ ಕನವ್ವ. ನಡ್ಯೋದ ಕಲಿಯೋಗಂಟ ಕೋಲು. ಮೇಲೆ ಬೂಟು ಆಕುಸ್ಬುಟ್ರೆ ಎತ್ತ ತಾಯಿಗೂ ಗೊತ್ತಾಗಾಕಿಲ್ಲ."

ಗುರುಬಸಮ್ಮ ಅಲ್ಲೇ ಗೋಳೋ ಎಂದು ಅತ್ತರು.

ಪುಟ್ಟಮಲ್ಲಮ್ಮ ಅಳಲಿಲ್ಲ. ದಾರಿಯಲ್ಲಿ ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಇದ ನಿಮ್ಮಪ್ಪನ್ನ ಯಾವತ್ತೂ ಕೇಳ್ಬ್ಯಾಡ ಕಂದ. ಅವ್ರೇ ಮುಚ್ಚಿಟ್ಟವ್ರೆ ಅಂದ್ರೆ, ನಾವು ಕೆದಕುದ್ರೆ ನೊಂದ್ಕತರೆ." ಫೋಟೊ ಅಕ್ಕಿಯ ಗಡಿಗೆಯ ಹಿಂದೆ ಸೇರಿತು. ದಿನಕ್ಕೊಮ್ಮೆಯಾದರೂ ಅದು ಹೊರಬರುತ್ತಿತ್ತು. ನಗುವ ಮುಖವನ್ನು ಅವಳು ನೋಡುತ್ತಲೇ ಇರಲಿಲ್ಲ. ಮೊಣಕಾಲಿನ ಕೆಳಗಷ್ಟೇ ಬೆರಳಾಡಿಸುತ್ತಿದ್ದಳು.

ಹುಣಸೆ ಬಡಿಯುವ ಕಾಲಕ್ಕೆ ಮಾದಸ್ವಾಮಿ ರಜೆ ಮೇಲೆ ಬಂದ. ಬಸ್ಸಿಳಿದು ಟ್ರಂಕು ಹೊತ್ತು ಬೀದಿಯಲ್ಲಿ ನಡೆದು ಬರುವಾಗ ಟಕ್ ಟಕ್ ಸದ್ದು. ಮರದ ಸದ್ದೋ, ಬೂಟಿನ ಲಾಳದ ಸದ್ದೋ? ಹೆಜ್ಜೆ ನೆಟ್ಟಗಿತ್ತು. ತುಸು ಅತಿಯಾಗಿಯೇ ನೆಟ್ಟಗಿದೆ ಅನಿಸಿತು ಪುಟ್ಟಮಲ್ಲಮ್ಮನಿಗೆ.

ಚೊಂಬಿನಲ್ಲಿ ನೀರು ತಂದು ಮುಂದಿಟ್ಟಳು. ದೂರದಿಂದ ಬಂದವರು ಕಾಲು ತೊಳೆದೇ ಹೊಸಿಲು ದಾಟಬೇಕು. ಈಗ ತಿಳಿದುಹೋಗುತ್ತದೆ ಎಂದು ಅವನ ಕಾಲನ್ನೇ ನೋಡುತ್ತ ನಿಂತಳು.

ಅವನು ಮುಖ ತೊಳೆದ. ಕೈ ತೊಳೆದ. ಚೊಂಬು ಕೆಳಗಿಟ್ಟು ಜಗಲಿಯ ಮೇಲೆ ಕೂತುಬಿಟ್ಟ.

"ಕಾಲ್ಗೆ?" ಅಂದಳು ಮೆಲ್ಲಗೆ.

"ಈ ಬೂಟು ಬಿಚ್ಚೋಕೆ ಒಂದೊತ್ತು ಬೇಕು ಕನ. ಆಮೇಕೆ ಬಿಚ್ಚುದ್ರಾಯ್ತು ತಕ. ಮೊದ್ಲು ಅವ್ವನ್ನ ಮಾತಾಡುಸ್ತೀನಿ."

ಗುರುಬಸಮ್ಮ ಸೊಸೆಯ ಕಡೆ ನೋಡಿದರು. ಸೊಸೆ ಅತ್ತೆಯ ಕಡೆ ನೋಡಿದಳು. ಆಮೇಲೆ ಇಬ್ಬರ ಕಣ್ಣೂ ಕೆಳಗಿಳಿದು ಆ ಕರಿ ಬೂಟುಗಳ ಮೇಲೆ ನಿಂತವು. ಫೋಟೊದ ಸುದ್ದಿ ಮೊದಲೇ ತಿಳಿದಿದ್ದ ಪಕ್ಕದ ಮನೆಯ ರಂಗಮ್ಮನೂ ಬೇಲಿಯ ಮೇಲಿಂದ ಅಲ್ಲಿಗೇ ನೋಡುತ್ತಿದ್ದಳು.

"ಯಾಕವ್ವ, ಎಲ್ರೂ ನೆಲ ನೋಡ್ತಿದ್ದರಿ? ಏನಾರ ಬಿದ್ದೋಗದಾ?" ಮಾದಸ್ವಾಮಿ ನಕ್ಕ.

ಯಾರ ಕಣ್ಣೂ ಬೂಟಿನಿಂದ ಮೇಲೇಳಲಿಲ್ಲ. ಅವನ ನಗು ಅರ್ಧಕ್ಕೇ ನಿಂತಿತು.

ಚನ್ನಿ ಅಮ್ಮನ ಮುಖ ನೋಡಿದಳು. ಬೇಡವೆಂದು ಅಮ್ಮ ಕಣ್ಣಲ್ಲೇ ಅಂದದ್ದೂ ಅವಳಿಗೆ ತಿಳಿಯಿತು. ಆದರೂ ಮೆಲ್ಲಗೆ ಹೋಗಿ ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಂದು ಬೆರಳಿನಿಂದ ಬೂಟಿನ ಮೂತಿಯನ್ನು ಒತ್ತಿದಳು. ಗಟ್ಟಿಯಾಗಿತ್ತು.

"ಅಪ್ಪೋ, ಈ ಬೂಟೊಳ್ಗೆ ನಿನ್ ಕಾಲು ಅದಾ?"