ಮೂರನೇ ಭಾಗ ಮುಗಿದ ಮೇಲೆ ಚಹಾ

ಹಲ್ಲಿನ ಡಾಕ್ಟರೆಂದರೆ ಸಂಗೀತಕ್ಕೆ ಕಿವಿ ಇರುವ ಮನುಷ್ಯ ಎಂದು ಹೆಸರಾಗಿತ್ತು. ಆ ಹೆಸರು ಕೊಟ್ಟುಕೊಂಡವರೂ ಅವರೇ ಅನ್ನಿ. ದಿನವಿಡೀ ಬಾಯಿ ಅಗಲಿಸಿ ಒರಗಿದವರ ಮುಂದೆ ಒಬ್ಬರೇ ಮಾತಾಡಿ ಮಾತಾಡಿ, ಎದುರಿನವರೂ ಏನಾದರೂ ಹೇಳಬಹುದು ಎಂಬುದೇ ಅವರಿಗೆ ಮರೆತುಹೋಗಿತ್ತು. ಮನೆಯಲ್ಲಿ ಹೆಂಡತಿ ಏನೇ ಹೇಳಲಿ, ‘ಹೂಂ’ ಎನ್ನುತ್ತಿದ್ದರು. ಆ ಹೂಂ ನಂಬಿಕೊಂಡು ಕೂತಿದ್ದರೆ ಆಕೆಯ ಸಂಸಾರ ಯಾವತ್ತೋ ಮೂರಾಬಟ್ಟೆಯಾಗುತ್ತಿತ್ತು.

ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅವರ ಹಾಲಿನಲ್ಲಿ ‘ಕೇಳುಗರ ಕೂಟ’ ಸೇರುತ್ತಿತ್ತು. ನಾಲ್ಕೈದು ನರೆತ ತಲೆಗಳು ಕಣ್ಣು ಮುಚ್ಚಿ, ರಷ್ಯಾದವನೊಬ್ಬ ಬರೆದ ಸಿಂಫನಿಗೆ ತೂಗುತ್ತಿದ್ದವು. ಮೂರನೇ ಭಾಗದ ಕೊನೆಯಲ್ಲಿ ನಗಾರಿ, ಕಹಳೆ, ತಾಳ ಎಲ್ಲ ಒಟ್ಟಿಗೆ ಅಬ್ಬರಿಸಿ ಗಕ್ಕನೆ ನಿಂತುಬಿಡುತ್ತಿದ್ದವು. ಆಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟುವುದು, ಡಾಕ್ಟರು ರಿಮೋಟ್ ಒತ್ತುವುದು, ಅವರ ಹೆಂಡತಿ ಚಹಾ ತರುವುದು. ಈ ಪದ್ಧತಿ ಹಾಕಿಕೊಟ್ಟವರು ಕೂಟದ ಅಧ್ಯಕ್ಷರಾದ ನಿವೃತ್ತ ಜಡ್ಜರು. ಅವರ ಹಳೆಯ ಕ್ಯಾಸೆಟ್ಟು ಅಲ್ಲಿಗೆ ಮುಗಿದುಹೋಗುತ್ತಿತ್ತು. ಕ್ಯಾಸೆಟ್ಟು ಮುಗಿದರೆ ಸಿಂಫನಿಯೂ ಮುಗಿದಂತೆ ಎಂದು ಅವರ ತೀರ್ಪು. ಮೇಲ್ಮನವಿ ಹೋಗುವ ಧೈರ್ಯ ಯಾರಿಗಿತ್ತು? ಕ್ಯಾಸೆಟ್ಟು ಹೋಗಿ ಸಿ.ಡಿ. ಬಂದರೂ ಚಹಾದ ಹೊತ್ತು ಬದಲಾಗಲಿಲ್ಲ.

ಆ ಭಾನುವಾರ ಜಡ್ಜರು ಅಧ್ಯಕ್ಷಗಿರಿಯನ್ನು ಇನ್ನೊಬ್ಬರಿಗೆ ಒಪ್ಪಿಸುವವರಿದ್ದರು. ಡಾಕ್ಟರಿಗೂ ಅದರ ಮೇಲೆ ಕಣ್ಣು, ಕೂಟದಲ್ಲಿದ್ದ ವಕೀಲರಿಗೂ ಕಣ್ಣು. ಡಾಕ್ಟರು ಅದಕ್ಕೆಂದೇ ಆಳೆತ್ತರದ ಹೊಸ ಸ್ಪೀಕರು ತಂದು ನಿಲ್ಲಿಸಿದ್ದರು. ಬೆಳಿಗ್ಗೆ ಕನ್ನಡಿಯ ಮುಂದೆ ಭಾಷಣ ಉರುಹೊಡೆಯುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಹೂಂ ಎಂದರು. ಹೋಗಿ, ತಿರುಗಿ ಬಂದು ಮತ್ತೇನೋ ಹೇಳಿದಳು. ಇನ್ನೂ ಜೋರಾಗಿ ಹೂಂ ಎಂದರು.

ಮಧ್ಯಾಹ್ನ ಸ್ಪೀಕರು ಡಾಕ್ಟರ ಮಾನ ಉಳಿಸಿತು. ಮೂರನೇ ಭಾಗದ ಅಬ್ಬರಕ್ಕೆ ಕಿಟಕಿ ಗಾಜು ಗಡಗಡ ಎಂದಿತು. ಡಾಕ್ಟರೇ ಕಟ್ಟಿಕೊಟ್ಟಿದ್ದ ಜಡ್ಜರ ಹಲ್ಲಿನ ಸೆಟ್ಟೂ ಗಡಗಡ ಎಂದಿತು. ಚಪ್ಪಾಳೆಯೋ ಚಪ್ಪಾಳೆ. ಡಾಕ್ಟರು ಎದೆಯುಬ್ಬಿಸಿ ನಿಂತರು.

“ಕೇಳಿದ್ರಲ್ಲ! ಮನುಷ್ಯ ಗೆದ್ದ! ಸಾವನ್ನ ಕುತ್ತಿಗೆ ಹಿಡಿದು ಆಚೆ ದಬ್ಬಿದ!” ಎನ್ನುತ್ತ ರಿಮೋಟ್ ಒತ್ತಿದರು.

ಸಂಗೀತ ನಿಲ್ಲಲಿಲ್ಲ. ಪಿಟೀಲುಗಳು ಮೆಲ್ಲಗೆ ಶುರುಮಾಡಿದವು, ಪಕ್ಕದ ಕೋಣೆಯಲ್ಲಿ ಯಾರೋ ಬಿಕ್ಕಿ ಬಿಕ್ಕಿ ಅಳುತ್ತಿರುವ ಹಾಗೆ. ಡಾಕ್ಟರು ಮತ್ತೆ ಒತ್ತಿದರು, ಅಂಗೈಗೆ ಬಡಿದರು, ಹಿಂದಿನ ಮುಚ್ಚಳ ತೆಗೆದರು. ಒಳಗೆ ಸೆಲ್ಲೇ ಇಲ್ಲ.

“ಏ, ಚಹಾ ತಾರೇ!” ಎಂದು ಕೂಗಿದರು. ಚಹಾವೂ ಇಲ್ಲ.

“ಇದೇನ್ ಡಾಕ್ಟ್ರೇ,” ಎಂದರು ವಕೀಲರು, “ಗೆದ್ದೋನು ಅಳ್ತಾ ಇದಾನಲ್ಲ?”

“ಅಯ್ಯೋ, ಇದು ಬೇರೆ ಯಾರದ್ದೋ ಸಾರ್. ಸಿ.ಡಿ.ಲಿ ಜಾಗ ಉಳೀತು ಅಂತ ತುಂಬಿಸಿದಾರೆ. ಕಳಪೆ ಮಾಲು.”

ವಕೀಲರು ಸಿ.ಡಿ.ಯ ಡಬ್ಬಿ ಎತ್ತಿಕೊಂಡು ಕನ್ನಡಕ ಏರಿಸಿದರು. “ನಾಲ್ಕನೇ ಭಾಗ ಅಂತ ಇದೆಯಲ್ರೀ. ಇದೇ ಸಿಂಫನಿ.”

ಜಡ್ಜರ ಕಣ್ಣು ತುಂಬಿ ಬಂದಿತ್ತು. ಸಂಗೀತ ಅವರನ್ನು ನಿಜವಾಗಿಯೂ ಹಿಡಿದು ಅಲ್ಲಾಡಿಸಿತ್ತು, ಪಾಪ. ಇಷ್ಟು ವರ್ಷ ಇದರ ತಲೆಯ ಮೇಲೆ ಕೂತು ಬಿಸ್ಕತ್ತು ತಿಂದೆವಲ್ಲ ಎಂದುಕೊಂಡರು. ಮರುಕ್ಷಣವೇ, ತಿನ್ನಿಸಿದವನು ತಾನೇ ಎಂಬುದೂ ಹೊಳೆಯಿತು. ಕಣ್ಣೀರು ಇಂಗಿಹೋಯಿತು. ಅಷ್ಟರಲ್ಲಿ ಡಾಕ್ಟರು ಮಂಡಿಯೂರಿ, ಸೋಫಾದ ಹಿಂದೆ ಕೈ ತೂರಿಸಿ, ಪ್ಲಗ್ಗನ್ನೇ ಕಿತ್ತುಹಾಕಿದ್ದರು. ಅಳು ಅರ್ಧಕ್ಕೇ ನಿಂತಿತು.

ಜಡ್ಜರು ತೀರ್ಪು ಕೊಟ್ಟರು. “ಡಾಕ್ಟರು ಮಾಡಿದ್ದೇ ಸರಿ. ಬರೆದೋನಿಗೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗಿಲ್ಲ, ಅಷ್ಟೇ. ನಮ್ಮ ಕೂಟಕ್ಕೆ ಗೊತ್ತು. ಇನ್ಮುಂದೆ ಡಾಕ್ಟರೇ ಅಧ್ಯಕ್ಷರು.”

ವಕೀಲರ ಮುಖ ಹುಳ್ಳಗಾಯಿತು. ಮಿಕ್ಕವರು ಜೀವ ಬಂದಂತೆ ಚಪ್ಪಾಳೆ ತಟ್ಟಿದರು. ಚಹಾಕ್ಕೂ ಕಾಯದೆ, ಒಬ್ಬರ ಮುಖ ಒಬ್ಬರು ನೋಡದೆ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಹೊಸ ಅಧ್ಯಕ್ಷರ ಕಾಲು ನೆಲದ ಮೇಲಿರಲಿಲ್ಲ. ಯಾರಿಗಾದರೂ ಹೇಳಬೇಕಲ್ಲ! ಅಡುಗೆಮನೆಗೆ ನುಗ್ಗಿದರು. ಫ್ಲಾಸ್ಕಿನಲ್ಲಿ ಚಹಾ ಇತ್ತು, ಪಕ್ಕದಲ್ಲಿ ಕಪ್ಪುಗಳು ಬೋರಲಾಗಿದ್ದವು. ಹೆಂಡತಿ ಇರಲಿಲ್ಲ. ವಯಸ್ಸಾದ ತಮ್ಮ ಅಮ್ಮನ ಕೋಣೆಗೆ ಹೋದರು. ಅಮ್ಮನೂ ಇಲ್ಲ. ಹಾಸಿಗೆಯ ಮೇಲೆ ಬಿ.ಪಿ. ನೋಡುವ ಮೆಷೀನು ಬಾಯಿ ಬಿಟ್ಟುಕೊಂಡು ಬಿದ್ದಿತ್ತು; ಅದರ ಹೊಟ್ಟೆಯಲ್ಲಿ ರಿಮೋಟಿನ ಸೆಲ್ಲುಗಳು.

ಹೆಂಡತಿಗೆ ಫೋನ್ ಹಚ್ಚಿದರು.

“ಎಲ್ಲಿದೀಯೇ?”

“ಆಸ್ಪತ್ರೆಲಿ. ಬೆಳಿಗ್ಗೆನೇ ಹೇಳಿದ್ನಲ್ಲ. ಅತ್ತೆಗೆ ತಲೆ ಸುತ್ತುತ್ತಾ ಇದೆ, ರಿಮೋಟಿನ ಸೆಲ್ ಹಾಕಿ ಬಿ.ಪಿ. ನೋಡ್ತೀನಿ ಅಂದೆ. ಹೂಂ ಅಂದ್ರಿ. ತುಂಬಾ ಏರಿದೆ, ನೀವೂ ಬನ್ನಿ ಅಂದೆ. ಅದಕ್ಕೂ ಹೂಂ ಅಂದ್ರಿ. ಕಾದೂ ಕಾದೂ ನಾನೇ ಕರ್ಕೊಂಡು ಬಂದೆ. ನೀವೆಲ್ಲ ಕಣ್ಣು ಮುಚ್ಕೊಂಡು ಕೂತಿದ್ರಿ, ನಿಮ್ಮೆದುರಿಗೇ ದಾಟಿ ಬಂದ್ವಿ.”

“ಅಮ್ಮ... ಅಮ್ಮ ಹೇಗಿದಾರೆ?”

“ಈಗ ಮಲಗಿದಾರೆ. ಅಲ್ಲೀವರೆಗೂ ಒಂದೇ ಸಮ, ಮಗ ಬಂದ್ನಾ, ಮಗ ಬಂದ್ನಾ ಅಂತಿದ್ರು. ಸಂಗೀತ ಮುಗಿದ ತಕ್ಷಣ ಬರ್ತಾರೆ ಅಂತ ಹೇಳಿದೀನಿ.” ಆಮೇಲೆ ಕೇಳಿದಳು, “ಮುಗೀತಾ?”

ಕೇಳುಗರ ಕೂಟದ ಅಧ್ಯಕ್ಷರಿಗೆ ಒಂದು ಹೂಂ ಅನ್ನಲೂ ಬಾಯಿ ಬರಲಿಲ್ಲ.