ಹದಿನಾರೇ ಹಾಕಿ

ಕಾರಿನ ಚಕ್ರ ದೊಡ್ಡದು ಮಾಡಿಸಬೇಕೆಂದು ತೇಜಶ್ರೀ ತೀರ್ಮಾನಿಸಿ ಬಹಳ ದಿನವಾಗಿತ್ತು. ಟೈರು ಸವೆಯಲಿ ಎಂದು ಕಾದಿದ್ದಳು, ಅಷ್ಟೇ. ಹಾಸನದ ಬ್ಯಾಂಕೊಂದರಲ್ಲಿ ಅವಳು ಅಸಿಸ್ಟೆಂಟ್ ಮ್ಯಾನೇಜರ್. ಮನೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮನೆಗೆ, ನಡುವೆ ತರಕಾರಿ ಮಾರ್ಕೆಟ್ಟು. ಇಷ್ಟು ಓಡಾಟಕ್ಕೆ ಕಂಪನಿಯವರು ಕೊಟ್ಟ ಹದಿನಾಲ್ಕಿಂಚಿನ ಕಬ್ಬಿಣದ ಚಕ್ರ ಧಾರಾಳವಾಯಿತು ಎಂದು ಬುದ್ಧಿ ಹೇಳುವವರಿಗೆ ಬರವಿರಲಿಲ್ಲ. ಹೇಳಿಕೊಳ್ಳಲಿ. ಆ ಪುಟ್ಟ ಚಕ್ರಗಳ ಮೇಲೆ ಕಾರು ಅವಳ ಕಣ್ಣಿಗೆ ಯಜಮಾನನ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತ ಆಳಿನಂತೆ ಕಾಣುತ್ತಿತ್ತು. ತನ್ನ ಸಂಬಳದಲ್ಲಿ ಕೊಂಡ ಕಾರು ಹಾಗೇಕೆ ಕೂರಬೇಕು? ಹದಿನೈದಿಂಚಿನ ಅಲಾಯ್ ಚಕ್ರ ಹಾಕಿಸಿದರೆ ಚೆಂದವಾಗಿ ನಿಲ್ಲುತ್ತದೆ ಎಂದು ಓದಿ, ಕೇಳಿ, ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಆ ಶನಿವಾರ ಅಪ್ಪ ದ್ಯಾವಯ್ಯನವರನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದು, ಬರುವಾಗ ಸಹೋದ್ಯೋಗಿ ಅಭಿಷೇಕ್ ಹೇಳಿದ್ದ ಟೈರ್ ಅಂಗಡಿಗೆ ಕಾರು ನುಗ್ಗಿಸಿದಳು. ಅಂಗಡಿ ಯಾರದೆಂದು ಕೇಳಿಕೊಂಡಿರಲಿಲ್ಲ. ಅಲ್ಲೇ ಎಡವಿದ್ದು.

"ಓಹೋ! ಏನ್ಲಾ ದ್ಯಾವ, ನೀನೇನ್ಲಾ ಇಲ್ಲಿ?"

ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದವನು ಪುಟ್ಟರಾಜು. ಅಪ್ಪನ ಊರು ಹಳೇಕೋಟೆಯಲ್ಲಿ ಅರ್ಧಕ್ಕರ್ಧ ಗದ್ದೆ ಹೊಲ ಇರುವ ಮನೆಯವನು. ಅಪ್ಪನಿಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವನು. ದ್ಯಾವಯ್ಯನವರು ಹೆಗಲ ಮೇಲಿನ ಟವೆಲ್ಲನ್ನು ಸರಕ್ಕನೆ ಕಂಕುಳಿಗೆ ಸೇರಿಸಿದರು.

"ಕಣ್ಣು ತೋರ್ಸಕ್ಕೆ ಬಂದಿದ್ದೆ ಬುದ್ದಿ. ಮಗಳ ಗಾಡಿ ಇದು."

ಬುದ್ದಿ ಅಂತೆ, ಬುದ್ದಿ! ಕೇರಿಯವರು ಒಡೆಯರ ಮನೆಯ ಕೂಸನ್ನೂ ಹಾಗೇ ಕರೆಯಬೇಕಿತ್ತು. ಅಪ್ಪ ಆ ಮನೆಯಲ್ಲಿ ದುಡಿದದ್ದು ನಿಜ. ಅದನ್ನು ಬಿಟ್ಟು, ತನ್ನದೇ ತುಂಡು ನೆಲದಲ್ಲಿ ಆಲೂಗಡ್ಡೆ ಬೆಳೆದು ಮಗಳನ್ನು ಓದಿಸಿದ್ದೂ ನಿಜ. ಕೆಲಸ ಬಿಟ್ಟು ಒಂದು ಕಾಲವಾಗಿತ್ತು, ಮಾತು ಮಾತ್ರ ನಾಲಿಗೆಯನ್ನು ಬಿಟ್ಟಿರಲಿಲ್ಲ. ತೇಜಶ್ರೀಗೆ ಮೈಯೆಲ್ಲ ಉರಿದುಹೋಯಿತು.

"ಬನ್ನಿ ಮೇಡಂ, ಕೂತ್ಕಳಿ," ಎಂದು ಪುಟ್ಟರಾಜು ಇದ್ದ ಒಂದೇ ಮೆತ್ತೆಯ ಕುರ್ಚಿಯನ್ನು ಅವಳತ್ತ ತಳ್ಳಿದ. "ಕಾಫಿ ತರಿಸ್ಲಾ?"

ಕಾಫಿ ಅವಳಿಗೆ. ಕುರ್ಚಿ ಅವಳಿಗೆ. ಕಣ್ಣಿಗೆ ಔಷಧಿ ಬಿಡಿಸಿಕೊಂಡು ಬೆಳಕು ತಡೆಯಲಾರದೆ ನಿಂತಿದ್ದ ಮುದುಕರಿಗೆ ಗೋಡೆ. ಅವಳು ಕೂರಲಿಲ್ಲ. ಅಲಾಯ್ ತೋರಿಸಿ ಎಂದಳು.

ಪುಟ್ಟರಾಜು ತೋರಿಸಿದ. ಹದಿನೈದರದ್ದು, ಹದಿನಾರರದ್ದು, ಎರಡನ್ನೂ ತಂದು ಕಾರಿನ ಪಕ್ಕ ಒರಗಿಸಿದ. ಕೆಲಸ ಬಲ್ಲವನು, ಅದರಲ್ಲಿ ಎರಡು ಮಾತಿಲ್ಲ.

"ಹದಿನಾರು ಬ್ಯಾಡಿ ಮೇಡಂ. ರಿಮ್ ದೊಡ್ಡದಾದಂಗೆ ಟೈರಿನ ಗ್ವಾಡೆ ತೆಳ್ಳಗಾಯ್ತದೆ. ನಮ್ಮೂರ್ ಗುಂಡಿಗೆ ಒಂದ್ಸಲ ಬಿದ್ರೆ ಅಲಾಯ್ ಸೀಳ್ಕಂತದೆ. ಸ್ಟೇರಿಂಗ್ ಬಿಗಿ, ಮೈಲೇಜೂ ಕಮ್ಮಿ. ಸಿಟಿ ಒಳಗೆ ಓಡ್ಸೋಕೆ ನಿಮ್ಗೆ ಹದಿನೈದು ಸಾಕು."

ಮಾತು ಸರಿಯಾಗಿಯೇ ಇತ್ತು. ಅವಳ ಸಿಟ್ಟು ಇನ್ನಷ್ಟು ಏರಿದ್ದು ಅದಕ್ಕೇ. ನಿಮಗೆ ಸಾಕು! ಈ ಮನೆಯವರು ಅವಳ ಮನೆಯವರಿಗೆ ಇನ್ನೇನು ಹೇಳಿದ್ದರು? ಈ ಹಿಟ್ಟು ಸಾಕು, ಈ ಬಟ್ಟೆ ಸಾಕು, ಹುಡುಗಿ ಓದಿದ್ದು ಸಾಕು. ಅಪ್ಪನನ್ನು 'ಲಾ' ಎಂದ ಬಾಯಿಂದ ಇವತ್ತು ಚಕ್ರದ ಅಳತೆಯೂ ಬಂತು.

"ಹದಿನಾರೇ ಹಾಕಿ," ಎಂದಳು.

"ಆಮೇಲೆ ನನ್ನ ಬೈಕೋಬ್ಯಾಡಿ ಮತ್ತೆ. ಲೇ ದ್ಯಾವ, ನೀನಾರ ಹೇಳ್ಲಾ ಮಗ್ಳಿಗೆ."

"ಅವರ ಹೆಸರು ದ್ಯಾವಯ್ಯ." ತೇಜಶ್ರೀಯ ದನಿಗೆ ಆಚೆ ಇನ್ನೊಂದು ಗಾಡಿಯ ಚಕ್ರ ಬಿಚ್ಚುತ್ತಿದ್ದ ಕೆಲಸದವರೂ ತಲೆ ಎತ್ತಿದರು. "ನನಗೆ ಮೇಡಂ ಅಂತೀರಿ, ನನ್ನ ಹೆತ್ತವರಿಗೆ ಲಾ ಅಂತೀರಿ. ನಾಚಿಕೆ ಆಗಲ್ವಾ ನಿಮಗೆ?"

ಪುಟ್ಟರಾಜು ಸಿಟ್ಟಾಗಿದ್ದರೆ ಚೆನ್ನಾಗಿತ್ತು, ಎರಡರಲ್ಲೊಂದು ಆಗಿಹೋಗುತ್ತಿತ್ತು. ಅವನು ನಕ್ಕುಬಿಟ್ಟ. "ಅಯ್ಯೋ ಮೇಡಂ, ಚಿಕ್ಕುಡುಗ ಆಗಿದ್ದಾಗಿಂದ ಅಂಗೇ ಕರ್ದಿರೋದು. ಪಿರೂತಿಗೆ ಕಣ್ರೀ. ಬೇಕಾರೆ ಅವನ್ನೇ ಕೇಳಿ. ಬೇಜಾರೇನ್ಲಾ ದ್ಯಾವ?"

ಎಲ್ಲರೂ ದ್ಯಾವಯ್ಯನವರ ಕಡೆ ತಿರುಗಿದರು. ತೇಜಶ್ರೀಯೂ ತಿರುಗಿದಳು. ಹೌದು ಎನ್ನಲಿ, ಒಂದೇ ಒಂದು ಸಲ ಹೌದು ಎಂದುಬಿಡಲಿ ಎಂದು ಅವಳ ಜೀವ ಬಾಯಿಗೆ ಬಂದಿತ್ತು.

"ಯಾತರ ಬೇಜಾರು ಬುದ್ದಿ," ಎಂದರು ದ್ಯಾವಯ್ಯನವರು. "ಅವ್ಳು ಹುಡ್ಗಿ, ಏನೋ ಅಂದ್ಬುಟ್ಲು. ನೀವು ಮನ್ಸಿಗಾಕಬ್ಯಾಡಿ."

ಯಾರೋ ಸ್ಪ್ಯಾನರ್ ಕೈಗೆತ್ತಿಕೊಂಡು ಮತ್ತೆ ಕೆಲಸಕ್ಕೆ ತೊಡಗಿದರು. ಪುಟ್ಟರಾಜು ಎರಡೂ ಕೈ ಅಗಲಿಸಿ, ನೋಡಿದಿರಾ ಎಂಬಂತೆ ನಿಂತ. ತೇಜಶ್ರೀ ಕುರ್ಚಿಯನ್ನು ದರದರ ಎಳೆದು ಅಪ್ಪನ ಮುಂದೆ ಇಟ್ಟಳು.

"ಅಪ್ಪಾ, ಕೂತ್ಕೊಳ್ಳಿ."

"ಬ್ಯಾಡ ಕಣವ್ವ. ಇಲ್ಲೇ ನಿಂತಿರ್ತೀನಿ."

"ಡಾಕ್ಟ್ರು ಏನು ಹೇಳಿದ್ರು? ಕೂತ್ಕೊಳ್ಳಿ ಅಪ್ಪಾ."

ದ್ಯಾವಯ್ಯನವರು ಕುರ್ಚಿ ನೋಡಿದರು. ಆಮೇಲೆ ಪುಟ್ಟರಾಜುವಿನ ಮುಖ ನೋಡಿದರು. ಕೂರಲೇ ಎಂದು ಕೇಳುವ ನೋಟ ಅದು. ತೇಜಶ್ರೀಗೆ ಪಿತ್ತ ನೆತ್ತಿಗೇರಿತು. ಈ ಕುರ್ಚಿಯಲ್ಲಿ, ಈ ಮನುಷ್ಯನ ಎದುರಿಗೆ, ಅಪ್ಪ ಕೂತೇ ತೀರಬೇಕು. ಅವಳಿಗೆ ಬೇರೇನೂ ಬೇಕಿರಲಿಲ್ಲ, ಕಾರೂ ಬೇಕಿರಲಿಲ್ಲ.

"ಅವನ ಮುಖ ಯಾಕೆ ನೋಡ್ತೀಯ? ಕೂತ್ಕೋ ಅಂದ್ರೆ ಕೂತ್ಕೋಬೇಕು!" ಬೆರಳು ಚಾಚಿ ಚೀರಿದಳು. "ಕೂತ್ಕೋ!"

ದ್ಯಾವಯ್ಯನವರು ತಟಕ್ಕನೆ ಕೂತರು.

"ಆಯ್ತು ಬುದ್ದಿ," ಎಂದರು.

ಪುಟ್ಟರಾಜು ಕೂಡ ನಗಲಿಲ್ಲ. ಅವನು ಮುಖ ತಿರುಗಿಸಿ ಟೈರುಗಳ ಕಡೆ ನಡೆದ. ತಾವೇನು ಅಂದೆವೆಂದು ದ್ಯಾವಯ್ಯನವರಿಗೆ ಗೊತ್ತೇ ಆಗಿರಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತು, ಔಷಧಿಗೆ ಕೆಂಪಾದ ಕಣ್ಣುಗಳನ್ನು ಕಿರಿದು ಮಾಡಿಕೊಂಡು, ಸಿಟ್ಟು ಇಳಿಯಿತೇ ಎಂದು ಮಗಳ ಮುಖವನ್ನೇ ನೋಡುತ್ತಿದ್ದರು. ಅವಳ ಬೆರಳು ಇನ್ನೂ ಕುರ್ಚಿಯನ್ನೇ ತೋರಿಸುತ್ತಿತ್ತು.